ಸೌದೆ ಉಳಿಸುವ ತಂತ್ರಗಳು: ವಿಜ್ಞಾನ ಸಂಸ್ಥೆಯ ಆವರಣದಿಂದ ಹಳ್ಳಿಯ ಅಡುಗೆಮನೆಗೆ

ಬೆಳೆಗೆ ಎಷ್ಟು ಗೊಬ್ಬರ ಬೇಕು, ಎಷ್ಟು ನೀರು ಬೇಕು ಎಂಬ ಲೆಕ್ಕವನ್ನು ರೈತರು ಇಟ್ಟುಕೊಳ್ಳುವುದುಂಟು. ಆದರೆ ಮನೆಯ ಒಲೆಗೆ ದಿನಕ್ಕೆ ಎಷ್ಟು ಸೌದೆ ಹೋಗುತ್ತದೆ, ಅದನ್ನು ಹೊತ್ತು ತರಲು ಹೆಂಗಸರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕ ಇಡುವವರು ವಿರಳ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನೇಕ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಬಂದಿದೆ. ಆದರೂ ಸ್ನಾನದ ನೀರು ಕಾಯಿಸಲು, ದನಗಳಿಗೆ ಹುರುಳಿ ಬೇಯಿಸಲು, ಅನೇಕ ಕಡೆ ಮುದ್ದೆ ಮಾಡಲು ಸೌದೆ ಒಲೆಯೇ ಇಂದಿಗೂ ಆಧಾರ. ಈ ಒಲೆಯಲ್ಲಿ ಆಗುವ ನಷ್ಟವನ್ನು ತಡೆಯುವ ಪ್ರಯತ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1970ರ ದಶಕದಲ್ಲಿ ಆರಂಭವಾಯಿತು. ಆ ಪ್ರಯತ್ನದಲ್ಲಿ ಯಾವುದು ಫಲಿಸಿತು, ಯಾವುದು ಏಕೆ ಎಡವಿತು ಎಂಬುದನ್ನು ತಿಳಿಯುವುದು ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಉಪಯುಕ್ತ.

ಅಳತೆಯಿಂದ ಆರಂಭ

ಜನರು 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಈ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಇಲ್ಲಿಯ ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರಬೇಕೆಂಬ ಉದ್ದೇಶದಿಂದ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಪ್ರಾರಂಭವಾಯಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದ ಈ ಹೆಸರು ಬಂದಿತು. ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ ಇದರ ನೇತೃತ್ವ ವಹಿಸಿದರು. ಈಗ ಇದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ.

ನಗರದಲ್ಲಿ ಕುಳಿತು ಹಳ್ಳಿಯ ಅಗತ್ಯವನ್ನು ಊಹಿಸುವುದು ಸರಿಯಲ್ಲವೆಂದು ಅರಿತು, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಒಂದು ವಿಸ್ತರಣಾ ಕೇಂದ್ರವನ್ನು ತೆರೆಯಲಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಜನ, ಜಾನುವಾರು, ಸೌದೆ, ಸೀಮೆಎಣ್ಣೆ, ವಿದ್ಯುತ್ ಇವುಗಳಿಂದ ಒದಗುವ ಶಕ್ತಿಯನ್ನೆಲ್ಲ ಅಳೆದು ನೋಡಲಾಯಿತು. ಹಳ್ಳಿಯಲ್ಲಿ ಬಳಕೆಯಾಗುವ ಶಕ್ತಿಯ ಶೇ. 80ರಷ್ಟು ಸೌದೆಯಿಂದಲೇ ಬರುತ್ತದೆ, ಆ ಸೌದೆಯ ಬಹುಪಾಲು ಅಡುಗೆಗೂ ನೀರು ಕಾಯಿಸುವುದಕ್ಕೂ ಹೋಗುತ್ತದೆ ಎಂಬುದು ಇದರಿಂದ ತಿಳಿದುಬಂದಿತು. ವಿದ್ಯುತ್ತಿನ ಪಾಲು ಶೇ. 1ಕ್ಕಿಂತಲೂ ಕಡಿಮೆ ಇತ್ತು. ಆದ್ದರಿಂದ ಇಂಧನ ಉಳಿತಾಯದ ಕೆಲಸ ಒಲೆಯಿಂದ ಆರಂಭವಾಗಬೇಕೆಂದು ನಿರ್ಧರಿಸಲಾಯಿತು.

ಸಾಮಾನ್ಯ ಒಲೆಯಲ್ಲಿ ಆಗುವ ನಷ್ಟ

ಮಣ್ಣಿನ ಸಾಮಾನ್ಯ ಒಲೆಯಲ್ಲಿ ಉರಿಯುವ ಸೌದೆಯ ಶಾಖದಲ್ಲಿ ಪಾತ್ರೆಗೆ ತಲಪುವುದು ಸ್ವಲ್ಪ ಭಾಗ ಮಾತ್ರ. ನಷ್ಟಕ್ಕೆ ಮುಖ್ಯ ಕಾರಣಗಳು ಮೂರು:

1. ಒಲೆಯ ಬಾಯಿ ಅಗಲವಾಗಿರುವುದರಿಂದ ಬೇಕಾದುದಕ್ಕಿಂತ ಹೆಚ್ಚು ತಣ್ಣನೆಯ ಗಾಳಿ ಒಳನುಗ್ಗಿ ಉರಿಯನ್ನು ತಣಿಸುತ್ತದೆ.

2. ಸೌದೆ ನೆಲದ ಮೇಲೆ ಬೂದಿಯಲ್ಲಿ ಹುದುಗಿರುವುದರಿಂದ ಕೆಳಗಿನಿಂದ ಗಾಳಿ ಸಿಗುವುದಿಲ್ಲ. ಆದಕಾರಣ ಸೌದೆಯಿಂದ ಹೊರಡುವ ಅನಿಲ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಹೊಗೆ ಎಂದರೆ ಉರಿಯದೆ ಉಳಿದ ಇಂಧನವೇ.

3. ಪಾತ್ರೆ ಮತ್ತು ಒಲೆಯ ನಡುವಿನ ಸಂದಿನಿಂದ ಜ್ವಾಲೆ ಹೊರಗೆ ಹಾಯ್ದು ವ್ಯರ್ಥವಾಗುತ್ತದೆ.

ಈ ನಷ್ಟ ಸೌದೆಗೆ ಮಾತ್ರ ಸೀಮಿತವಲ್ಲ. ಅಡುಗೆಮನೆಯಲ್ಲಿ ತುಂಬುವ ಹೊಗೆಯಿಂದ ಹೆಂಗಸರಿಗೆ ಕಣ್ಣುರಿ, ಕೆಮ್ಮು, ದಮ್ಮು ಬರುತ್ತದೆ. ತಾಯಿಯ ಸೊಂಟದ ಮೇಲಿರುವ ಕೂಸಿಗೂ ಅದೇ ಹೊಗೆ. ಇದರಿಂದ ಮಕ್ಕಳಲ್ಲಿ ನ್ಯುಮೋನಿಯಾದ ಅಪಾಯ ಹೆಚ್ಚುತ್ತದೆ.

ಅಸ್ತ್ರ ಒಲೆ

ಈ ಮೂರು ದೋಷಗಳನ್ನು ನಿವಾರಿಸಲು 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ರೂಪಿಸಲಾಯಿತು. ಇದರಲ್ಲಿ ಸೌದೆಯು ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ; ಕೆಳಗಿನಿಂದ ಗಾಳಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಸೌದೆ ಹಾಕುವ ಬಾಯಿಗೆ ಮುಚ್ಚಳವಿದ್ದು ಅನವಶ್ಯಕ ಗಾಳಿ ಒಳಗೆ ಬರುವುದಿಲ್ಲ. ಪಾತ್ರೆಗಳು ಒಲೆಯ ಕಣ್ಣುಗಳಲ್ಲಿ ಸಂದಿಲ್ಲದಂತೆ ಕೂರುತ್ತವೆ. ಮೊದಲ ಪಾತ್ರೆಗೆ ತಗುಲಿದ ಬಿಸಿ ಹೊಗೆ ಎರಡನೆಯ ಮತ್ತು ಮೂರನೆಯ ಪಾತ್ರೆಗಳ ಅಡಿಯಲ್ಲಿ ಹಾದು, ತನ್ನಲ್ಲಿರುವ ಶಾಖವನ್ನು ಕೊಟ್ಟು, ಕಡೆಗೆ ಹೊಗೆ ಕೊಳವೆಯ ಮೂಲಕ ಮನೆಯ ಹೊರಗೆ ಹೋಗುತ್ತದೆ. ಮುದ್ದೆಯ ಎಸರು, ಸಾರು, ಬಿಸಿನೀರು ಮೂರೂ ಒಂದೇ ಉರಿಯಲ್ಲಿ ಆಗುತ್ತವೆ.

ಪ್ರಯೋಗಾಲಯದ ಪರೀಕ್ಷೆಯಲ್ಲಿ ಈ ಒಲೆಯು ಸೌದೆಯ ಶಾಖದ ಶೇ. 40ಕ್ಕೂ ಹೆಚ್ಚು ಭಾಗವನ್ನು ಪಾತ್ರೆಗಳಿಗೆ ಮುಟ್ಟಿಸಿತು. ಮನೆಗಳಲ್ಲಿ ದೊರೆಯುವ ಉಳಿತಾಯವು ಒಲೆ ಕಟ್ಟಿದ ರೀತಿ ಮತ್ತು ಬಳಸುವ ರೀತಿಯನ್ನು ಅವಲಂಬಿಸಿದೆ. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು:

1. ಒಲೆಯ ಕಣ್ಣುಗಳನ್ನು ಆ ಮನೆಯಲ್ಲಿ ನಿತ್ಯ ಬಳಸುವ ಪಾತ್ರೆಗಳ ಅಳತೆಗೇ ಮಾಡಿಸಬೇಕು. ಒಲೆ ಕಟ್ಟುವಾಗ ಅಡುಗೆ ಮಾಡುವವರು ಎದುರಿಗಿದ್ದು ತಮ್ಮ ಪಾತ್ರೆಗಳನ್ನೇ ಕೊಡಬೇಕು.

2. ಒಳಗಿನ ಅಳತೆಗಳನ್ನು ಅಂದಾಜಿನಿಂದ ಬದಲಾಯಿಸಬಾರದು. ಹೊಗೆ ಹಾಯುವ ದಾರಿ ಕಿರಿದಾದರೆ ಹೊಗೆ ಮನೆಯೊಳಕ್ಕೆ ತಿರುಗುತ್ತದೆ. ಹಿರಿದಾದರೆ ಶಾಖ ಹೊರಗೆ ಹೋಗುತ್ತದೆ. ತರಬೇತಿ ಪಡೆದ ಗಾರೆಯವರಿಂದಲೇ ಕಟ್ಟಿಸುವುದು ಒಳ್ಳೆಯದು.

3. ಚೆನ್ನಾಗಿ ಒಣಗಿದ ಸೌದೆಯನ್ನು ಸಣ್ಣಗೆ ಸೀಳಿ, ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಉದ್ದನೆಯ ಕೊರಡನ್ನು ತುರುಕಿ ಮುಚ್ಚಳ ತೆರೆದಿಟ್ಟರೆ ಇದಕ್ಕೂ ಹಳೆಯ ಒಲೆಗೂ ವ್ಯತ್ಯಾಸ ಉಳಿಯುವುದಿಲ್ಲ.

4. ಎರಡನೆಯ ಮತ್ತು ಮೂರನೆಯ ಕಣ್ಣುಗಳನ್ನು ಖಾಲಿ ಬಿಡಬಾರದು. ಅಡುಗೆ ಇಲ್ಲದಿದ್ದರೆ ನೀರಿನ ಪಾತ್ರೆಯನ್ನಾದರೂ ಇಡಬೇಕು.

5. ಬೂದಿಯನ್ನು ದಿನವೂ ತೆಗೆಯಬೇಕು. ಹೊಗೆ ಕೊಳವೆಯಲ್ಲಿ ಕಟ್ಟುವ ಮಸಿಯನ್ನು ತಪ್ಪದೆ ಆಗಾಗ್ಗೆ ಕೆಡವಿ ಶುಚಿ ಮಾಡಬೇಕು.

ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು 1980ರ ದಶಕದ ಮಧ್ಯದಿಂದ 2002ರವರೆಗೆ ನಡೆಯಿತು. ಆ ಅವಧಿಯಲ್ಲಿ ದೇಶದಾದ್ಯಂತ ಅನೇಕ ಮಾದರಿಯ ಒಲೆಗಳನ್ನು ಕಟ್ಟಿಸಲಾಯಿತು. ಆದರೆ ಕೊಳವೆ ಕಟ್ಟಿಕೊಂಡು, ಕಣ್ಣುಗಳು ಒಡೆದು, ರಿಪೇರಿ ಮಾಡುವವರಿಲ್ಲದೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದ ಒಲೆಗಳು ಬಹಳ. ಒಲೆ ಕಟ್ಟಿಸಿದ ಸಂಖ್ಯೆಯಲ್ಲ, ಮೂರು ವರ್ಷದ ನಂತರವೂ ಉರಿಯುತ್ತಿರುವ ಸಂಖ್ಯೆಯೇ ನಿಜವಾದ ಲೆಕ್ಕ.

ಪುರ ಗ್ರಾಮದ ಗೋಬರ್ ಅನಿಲ: ಒಂದು ಪಾಠ

ಉಂಗ್ರದ ಸಮೀಪದ ಪುರ ಎಂಬ ಪುಟ್ಟ ಗ್ರಾಮದಲ್ಲಿ 1977ರಲ್ಲಿ 56 ಮನೆಗಳೂ 357 ಜನರೂ ಇದ್ದರು. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಎಲ್ಲ ಮನೆಗಳಿಗೂ ಅಡುಗೆ ಅನಿಲ ಒದಗಿಸುವ ಸಮುದಾಯ ಸ್ಥಾವರವನ್ನು ಇಲ್ಲಿ ಕಟ್ಟಲಾಯಿತು. ಸ್ಥಾವರದ ರಚನೆಯಲ್ಲಿ ದೋಷವಿರಲಿಲ್ಲ. ಆದರೆ ಸಿಕ್ಕ ಸಗಣಿಯಿಂದ ಎಲ್ಲರ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಹೆಂಗಸರು ಹಳೆಯ ಒಲೆಗೇ ಹಿಂತಿರುಗಿದರು.

ಇದರ ಲೆಕ್ಕ ಸರಳ. ಒಬ್ಬ ಮನುಷ್ಯನ ದಿನದ ಅಡುಗೆಗೆ ಸುಮಾರು ಕಾಲು ಘನ ಮೀಟರ್ ಅನಿಲ ಬೇಕು. 357 ಜನರಿಗೆ ಸುಮಾರು 90 ಘನ ಮೀಟರ್. ಒಂದು ಕಿ.ಗ್ರಾಂ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುತ್ತದೆ. ಅಂದರೆ ದಿನವೂ ಸುಮಾರು 22 ಕ್ವಿಂಟಲ್ ಸಗಣಿ ಸ್ಥಾವರಕ್ಕೆ ಬೀಳಬೇಕು. ಬಯಲಿನಲ್ಲಿ ಮೇಯುವ ನಾಟಿ ದನಗಳ ಸಗಣಿಯಲ್ಲಿ ಕೊಟ್ಟಿಗೆಯಲ್ಲಿ ಸಿಗುವುದು ಒಂದು ಪಾಲು ಮಾತ್ರ. ಅಷ್ಟು ಚಿಕ್ಕ ಊರಿನಲ್ಲಿ ಇಷ್ಟು ಸಗಣಿ ಒಟ್ಟುಗೂಡಿಸುವುದು ಆಗದ ಮಾತು.

ಕಾರ್ಯಕರ್ತರು ಇಲ್ಲಿಗೇ ಬಿಡಲಿಲ್ಲ. ಊರಿನವರಿಗೆ ಮೊದಲು ಬೇಕಾದದ್ದು ಏನೆಂದು ವಿಚಾರಿಸಿದಾಗ, ಶುದ್ಧ ಕುಡಿಯುವ ನೀರು ಎಂಬ ಉತ್ತರ ಬಂದಿತು. 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ವಿದ್ಯುತ್ ಉತ್ಪಾದಿಸಲಾಯಿತು. ಆ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರು ತೊಟ್ಟಿಗೆ ಏರಿ ನಲ್ಲಿಗಳಿಗೆ ಬಂದಿತು. ಸಂಜೆ ಮನೆಗಳಲ್ಲಿ ದೀಪ ಉರಿಯಿತು. ಮನೆಯವರು ತಂದ ಸಗಣಿಯನ್ನು ತೂಗಿ, ಕಿ.ಗ್ರಾಂಗೆ 2 ಪೈಸೆಯಂತೆ ಕೂಲಿ ಕೊಡಲಾಗುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ಹಿಂತಿರುಗುತ್ತಿತ್ತು. ಊರಿನ ಯುವಕರೇ ಸ್ಥಾವರವನ್ನು ನಡೆಸಿದರು. 1990ರ ದಶಕದಲ್ಲಿಯೂ ನಡೆದ ಈ ಸ್ಥಾವರ ಆನಂತರ ನಿಂತಿತು. ಆದರೂ ಜನರ ಅಗತ್ಯ ಮತ್ತು ದೊರೆಯುವ ಸಗಣಿ ಇವೆರಡಕ್ಕೆ ಹೊಂದಿಸಿದ ಕೆಲಸ ವರ್ಷಗಟ್ಟಲೆ ನಡೆಯಬಲ್ಲುದೆಂದು ಇದು ತೋರಿಸಿಕೊಟ್ಟಿತು.

ಸ್ವಂತ ಸ್ಥಾವರ ಕಟ್ಟಿಸುವ ರೈತರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕಿ.ಗ್ರಾಂ ಸಗಣಿ, ಅಷ್ಟೇ ನೀರು ಬೇಕು. ಕಟ್ಟಿಸುವ ಮೊದಲು ಒಂದು ವಾರ ಕೊಟ್ಟಿಗೆಯ ಸಗಣಿಯನ್ನು ಪ್ರತಿದಿನವೂ ತೂಗಿ ನೋಡಬೇಕು. ದನಗಳನ್ನು ಎಣಿಸಿ ಅಂದಾಜು ಮಾಡಿದರೆ ಸಾಲದು. ಬೇಸಿಗೆಯಲ್ಲಿ ನೀರು ಸಿಗುವುದೇ ಎಂಬುದನ್ನೂ ಯೋಚಿಸಬೇಕು.

ಸುಡದ ಇಟ್ಟಿಗೆ

ಮನೆ ಕಟ್ಟುವಾಗಲೂ ಸೌದೆ ಖರ್ಚಾಗುತ್ತದೆ. ಒಂದು ಇಟ್ಟಿಗೆಯನ್ನು ಸುಡಲು ಸುಮಾರು ಕಾಲು ಕಿ.ಗ್ರಾಂ ಸೌದೆ ಬೇಕು. ಹತ್ತು ಸಾವಿರ ಇಟ್ಟಿಗೆಗೆ ಸುಮಾರು ಎರಡೂವರೆ ಟನ್. ಇದಕ್ಕೆ ಪ್ರತಿಯಾಗಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿದರು. ಸಂಸ್ಥೆಯ ಆವರಣದಲ್ಲಿಯೇ ಇಂಥ ಇಟ್ಟಿಗೆಯ ಕಟ್ಟಡಗಳಿವೆ. ಇವುಗಳಿಂದ ಕಟ್ಟಿದ ಗೋಡೆಗೆ ತಗುಲುವ ಶಕ್ತಿಯು ಸುಟ್ಟ ಇಟ್ಟಿಗೆಯ ಗೋಡೆಗೆ ತಗುಲುವುದರ ಅರ್ಧಕ್ಕಿಂತಲೂ ಬಹಳ ಕಡಿಮೆ.

ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣು ಇದಕ್ಕೆ ಸೂಕ್ತ. ಜಿಗುಟು ಹೆಚ್ಚಿದ್ದರೆ ಮರಳನ್ನು ಸೇರಿಸಬೇಕು. ಎರೆ ಮಣ್ಣು ಸಿಮೆಂಟಿನೊಂದಿಗೆ ಮಾತ್ರ ಬೆರೆಸಲು ತಕ್ಕುದಲ್ಲ. ಜರಡಿ ಹಿಡಿದ ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಹದವಾಗಿ ನೀರು ಚಿಮುಕಿಸಿ ಕೂಡಲೇ ಒತ್ತಬೇಕು. ಒತ್ತಿದ ಇಟ್ಟಿಗೆಗಳನ್ನು ಹುಲ್ಲಿನಿಂದ ಮುಚ್ಚಿ ಮೂರು ವಾರ ನೀರುಣಿಸಬೇಕು. ನೀರುಣಿಸುವುದರಲ್ಲಿ ಅಲಕ್ಷ್ಯ ಮಾಡಿದರೆ ಮಳೆಗೆ ಅಂಚುಗಳು ಕರಗುತ್ತವೆ.

ಸೌದೆಯಿಂದ ವಿದ್ಯುತ್

ಇದೇ ಆವರಣದಲ್ಲಿ ಪ್ರೊ. ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಸೌದೆಯನ್ನು ಅನಿಲವಾಗಿ ಮಾರ್ಪಡಿಸುವ ಯಂತ್ರವನ್ನು ರೂಪಿಸಿದರು. ಸೌದೆಯ ತುಂಡುಗಳಿಗೆ ಕಡಿಮೆ ಗಾಳಿ ಕೊಟ್ಟು ಉರಿಸಿದರೆ, ಉರಿಯಬಲ್ಲ ಅನಿಲ ಹೊರಡುತ್ತದೆ. ಅದನ್ನು ತಣಿಸಿ, ಸೋಸಿ ಡೀಸೆಲ್ ಎಂಜಿನ್ನಿಗೆ ಕೊಟ್ಟರೆ ಡೀಸೆಲ್ಲಿನ ಬಹುಪಾಲು ಉಳಿಯುತ್ತದೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಇಂಥ ಯಂತ್ರದಿಂದ ಮನೆಗಳಿಗೆ ದೀಪ ಬಂದಿತು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿ.ಗ್ರಾಂ ಒಣ ಸೌದೆ ಬೇಕಾದ್ದರಿಂದ, ಊರಿನ ಬಳಿಯೇ ಸೌದೆ ತೋಪನ್ನೂ ಬೆಳೆಸಲಾಯಿತು. ಮರ ನೆಡದೆ ಯಂತ್ರ ಮಾತ್ರ ತಂದರೆ ಇದ್ದ ಮರಗಳೂ ಹೋಗುತ್ತವೆ. ಈ ಅನಿಲ ವಿಷಕಾರಿ. ಆದ್ದರಿಂದ ಯಂತ್ರವನ್ನು ಗಾಳಿಯಾಡುವ ಜಾಗದಲ್ಲಿ, ತರಬೇತಾದವರೇ ನಡೆಸಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಆವರಣದಲ್ಲಿ ಚೆನ್ನಾಗಿ ನಡೆದ ಯಂತ್ರ ಹಳ್ಳಿಯಲ್ಲಿಯೂ ನಡೆಯುತ್ತದೆಂದು ಭಾವಿಸಬಾರದು. ಆವರಣದಲ್ಲಿ ಒಣ ಸೌದೆ, ತೂಕದ ಯಂತ್ರ, ನುರಿತ ಕೈ ಎಲ್ಲವೂ ಇರುತ್ತವೆ. ಹಳ್ಳಿಯಲ್ಲಿ ಮಳೆಗಾಲದ ಹಸಿ ಸೌದೆ, ಬಿಡುವಿಲ್ಲದ ಕೆಲಸ, ರಿಪೇರಿಗೆ ದೂರದ ಊರು ಇರುತ್ತವೆ. ಆದಕಾರಣ ಯಾವುದೇ ಇಂಧನ ಉಳಿತಾಯದ ಸಾಧನವನ್ನು ಶಿಫಾರಸು ಮಾಡುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು: ಈಗ ಎಷ್ಟು ಇಂಧನ ಖರ್ಚಾಗುತ್ತಿದೆ? ಹೊಸ ಸಾಧನಕ್ಕೆ ಬೇಕಾದ ವಸ್ತು ವರ್ಷವಿಡೀ ಸಿಗುತ್ತದೆಯೇ? ಅದನ್ನು ದಿನವೂ ಬಳಸುವವರು ಯಾರು, ಅವರನ್ನು ಕೇಳಲಾಗಿದೆಯೇ? ಕೆಟ್ಟರೆ ಸರಿಪಡಿಸುವವರು ಊರಿನಲ್ಲಿದ್ದಾರೆಯೇ?

ರೈತ ಬಾಂಧವರು ಮೊದಲ ಹೆಜ್ಜೆಯಾಗಿ ತಮ್ಮ ಮನೆಯಲ್ಲಿ ಒಂದು ವಾರದ ಸೌದೆಯನ್ನು ತೂಗಿ ಬರೆದಿಡಬಹುದು. ಒಲೆ ಬದಲಾಯಿಸಿದ ನಂತರ ಮತ್ತೊಂದು ವಾರ ತೂಗಿದರೆ ಲಾಭ ನಷ್ಟ ತಾನಾಗಿಯೇ ತಿಳಿಯುತ್ತದೆ. ಉಳಿದ ಸೌದೆಯ ಜೊತೆಗೆ, ಹೊಗೆಯಿಲ್ಲದ ಅಡುಗೆಮನೆ ಮತ್ತು ಹೆಂಗಸರಿಗೆ ದೊರೆತ ಬಿಡುವನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.