ನೆಲಮಾಳಿಗೆಯ ಜಾಝ್

ಜೂಜಿನ ದೀಪಗಳಿಗೆ ಲೋಕಪ್ರಸಿದ್ಧವಾದ ಅಮೆರಿಕದ ಲಾಸ್ ವೇಗಸ್ ನಗರದ ಹಳೆಯ ಭಾಗದಲ್ಲಿ, ೧೯೩೩ರಲ್ಲಿ ಕಟ್ಟಿ ಮುಗಿಸಿದ ಗಂಭೀರವಾದೊಂದು ಸೌಧವುಂಟು. ಕೇಂದ್ರ ಸರ್ಕಾರದ ಅಂಚೆಕಚೇರಿಯೂ ನ್ಯಾಯಾಲಯವೂ ಒಂದೇ ಸೂರಿನಡಿ ನಡೆದ ಈ ಕಟ್ಟಡದ ಮೇಲಂತಸ್ತಿನಲ್ಲಿಯೇ, ೧೯೫೦ರ ನವೆಂಬರ್ ೧೫ರಂದು, ಸೆನೆಟರ್ ಕೆಫೋವರ್ ಅವರ ಅಧ್ಯಕ್ಷತೆಯ ಸಮಿತಿಯು ಸಂಘಟಿತ ಪಾತಕಿಗಳ ವ್ಯವಹಾರವನ್ನು ಕುರಿತು ಬಹಿರಂಗ ವಿಚಾರಣೆ ನಡೆಸಿತು. ಆ ಕೊಠಡಿಯನ್ನು ಜೀರ್ಣೋದ್ಧಾರ ಮಾಡಿ, ಉಳಿದ ಅಂತಸ್ತುಗಳನ್ನು ಪಾತಕಿಗಳ ಮತ್ತು ಅವರ ಬೆನ್ನು ಹತ್ತಿದ ಪೊಲೀಸರ ಚರಿತ್ರೆಗೆ ಮೀಸಲಿರಿಸಿ, ೨೦೧೨ರ ಫೆಬ್ರವರಿ ೧೪ರಂದು ‘ಮಾಬ್ ಮ್ಯೂಸಿಯಂ’ ಎಂಬ ವಸ್ತುಸಂಗ್ರಹಾಲಯವನ್ನು ತೆರೆದರು. ಇದಕ್ಕಾಗಿ ಹಠ ಹಿಡಿದು ದುಡಿದ ಮೇಯರ್ ಆಸ್ಕರ್ ಗುಡ್‌ಮನ್ ಅವರು ಪೂರ್ವಾಶ್ರಮದಲ್ಲಿ ಅಂಥ ಆಪಾದಿತರ ಪರವಾಗಿಯೇ ವಕಾಲತ್ತು ವಹಿಸುತ್ತಿದ್ದವರೆಂಬುದು ಆ ಊರಿನ ಸ್ವಭಾವಕ್ಕೆ ಒಪ್ಪುವ ಸಂಗತಿಯೇ ಸರಿ.

ಈ ಸಂಗ್ರಹಾಲಯವು ೨೦೧೮ರಲ್ಲಿ ತನ್ನ ನೆಲಮಾಳಿಗೆಯಲ್ಲಿ ‘ದಿ ಅಂಡರ್‌ಗ್ರೌಂಡ್’ ಎಂಬ ಪಾನಗೃಹವನ್ನೂ ಅದರ ಮಗ್ಗುಲಲ್ಲೇ ಮೆಕ್ಕೆಜೋಳದಿಂದ ಸಾರಾಯಿ ಇಳಿಸುವ ಭಟ್ಟಿಯೊಂದನ್ನೂ ತೆರೆದು, ಮದ್ಯನಿಷೇಧದ ಕಾಲದಲ್ಲಿ ಕಾನೂನಿನ ಕಣ್ಣು ತಪ್ಪಿಸಿ ನಡೆಯುತ್ತಿದ್ದ ‘ಸ್ಪೀಕ್‌ಈಸಿ’ ಅಡ್ಡೆಗಳ ವಾತಾವರಣವನ್ನು ಅಲ್ಲಿ ಕಲ್ಪಿಸಿತು. ಹೊರಗಿನ ಪಕ್ಕದ ಬಾಗಿಲಲ್ಲಿ ಸಂಕೇತಪದವನ್ನು ನುಡಿದವರಿಗೆ ಪ್ರವೇಶ. ಒಳಗೆ ಮಂದವಾದ ಬೆಳಕು, ಆ ಕಾಲದ ಉಡುಗೆತೊಡುಗೆಗಳು, ಕೆಲವು ರಾತ್ರಿಗಳಲ್ಲಿ ಜಾಝ್ ವಾದ್ಯಮೇಳ. ಇದು ಕೇವಲ ಅನುಕರಣವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಕಟ್ಟಡ ಸಿದ್ಧವಾದ ವರ್ಷದ ಡಿಸೆಂಬರ್ ೫ರಂದೇ ನಿಷೇಧವು ರದ್ದಾಯಿತು; ಮೇಲಾಗಿ ಸರ್ಕಾರದ ನ್ಯಾಯಾಧೀಶರು ಕೂರತಕ್ಕ ಪೀಠದ ಕೆಳಗೆ ಕಳ್ಳಸಾರಾಯಿ ಹರಿಯುವುದು ಲಾಸ್ ವೇಗಸ್ಸಿನಲ್ಲಿಯೂ ಕಷ್ಟವೇ.

ಅಮೆರಿಕದ ಸಂವಿಧಾನಕ್ಕೆ ಹದಿನೆಂಟನೆಯ ತಿದ್ದುಪಡಿಯಾಗಿ ಬಂದ ಈ ನಿಷೇಧವು ಜಾರಿಗೆ ಬಂದುದು ೧೯೨೦ರ ಜನವರಿಯಲ್ಲಿ. ನೂರಕ್ಕೆ ಅರ್ಧ ಭಾಗ ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರವುಳ್ಳ ಯಾವ ಪಾನೀಯವನ್ನೂ ತಯಾರಿಸಬಾರದು, ಮಾರಬಾರದು, ಸಾಗಿಸಬಾರದು ಎಂದು ಅದರ ಕಾಯಿದೆ ವಿಧಿಸಿತು. ಆದರೆ ಕುಡಿಯುವುದು ಮಾತ್ರ ಅಪರಾಧವೆನ್ನಲಿಲ್ಲ. ಈ ಬಿರುಕಿನೊಳಗಿಂದಲೇ ಒಂದು ಪಾತಾಳಲೋಕ ಬೆಳೆದು ನಿಂತಿತು. ವೈದ್ಯರು ಔಷಧವೆಂದು ವಿಸ್ಕಿಯನ್ನು ಬರೆದುಕೊಟ್ಟರು. ನ್ಯೂಯಾರ್ಕಿನ ‘ಟ್ವೆಂಟಿ ವನ್’ ಎಂಬ ಅಡ್ಡೆಯವರು ಇಟ್ಟಿಗೆಗೋಡೆಯಂತೆ ಕಾಣುವ ಬಾಗಿಲೊಂದನ್ನು ಮಾಡಿಸಿ, ಅದರ ಸಣ್ಣ ರಂಧ್ರದಲ್ಲಿ ತಂತಿಯನ್ನು ತೂರಿಸಿದರೆ ಮಾತ್ರ ನೆಲಮಾಳಿಗೆ ತೆರೆಯುವಂತೆ ಏರ್ಪಡಿಸಿಕೊಂಡರು. ಕಳ್ಳಭಟ್ಟಿಯ ದುರ್ವಾಸನೆಯನ್ನು ಅಡಗಿಸಲು ಹಣ್ಣಿನ ರಸವನ್ನೂ ಸಕ್ಕರೆಯನ್ನೂ ಬೆರೆಸಿದ ಮಿಶ್ರಪಾನಗಳ ಬಳಕೆ ಹೆಚ್ಚಿತು. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದಾಗ ೧೯೪೯ರ ಪಾನನಿಷೇಧ ಕಾಯಿದೆಯು ಅವರಿಗೂ ಅನ್ವಯಿಸುತ್ತಿತ್ತು; ಮುಂಬಯಿಯ ಗಲ್ಲಿಗಳಲ್ಲಿ ಗೋವೆಯ ಹೆಂಗಸರು ಮನೆಯ ಹಜಾರದಲ್ಲಿಯೇ ನಡೆಸುತ್ತಿದ್ದ ‘ಆಂಟಿ’ ಅಡ್ಡೆಗಳು ಇದೇ ವಂಶಕ್ಕೆ ಸೇರಿದವು.

ಜಾಝ್ ಹುಟ್ಟಿದುದು ಈ ಅಡ್ಡೆಗಳಲ್ಲಲ್ಲ. ಮಿಸಿಸಿಪಿ ನದಿಯ ದಡದಲ್ಲಿರುವ ನ್ಯೂ ಆರ್ಲಿಯನ್ಸ್ ಪಟ್ಟಣದ ಕರಿಯ ಜನರ ಮೆರವಣಿಗೆ, ಶವಯಾತ್ರೆ ಮತ್ತು ನೃತ್ಯಶಾಲೆಗಳಲ್ಲಿ ರೂಪುಗೊಂಡ ಈ ಸಂಗೀತವು, ದಕ್ಷಿಣದ ದಾರಿದ್ರ್ಯವನ್ನೂ ಅವಮಾನವನ್ನೂ ತೊರೆದು ಉತ್ತರದ ಕೈಗಾರಿಕಾ ನಗರಗಳಿಗೆ ಗುಳೆಹೊರಟ ಲಕ್ಷಾಂತರ ಮಂದಿಯೊಡನೆ ಶಿಕಾಗೋ ನ್ಯೂಯಾರ್ಕ್‌ಗಳನ್ನು ಸೇರಿತು. ಗುರು ಕಿಂಗ್ ಆಲಿವರನ ಕರೆಯ ಮೇರೆಗೆ ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಶಿಕಾಗೋಗೆ ಬಂದು ಅವನ ಮೇಳದಲ್ಲಿ ಕಾರ್ನೆಟ್ ಎಂಬ ತುತ್ತೂರಿಯನ್ನು ಹಿಡಿದುದು ೧೯೨೨ರಲ್ಲಿ. ಹಳೆಯ ಕಾಲದ ಸುರಾಪಾನದ ಅಂಗಡಿಗಳು ಬಹುಮಟ್ಟಿಗೆ ಗಂಡಸರ ಠಾವುಗಳಾಗಿದ್ದವು. ಅವು ಮುಚ್ಚಿ, ಗಂಡುಹೆಣ್ಣುಗಳಿಬ್ಬರೂ ಕೂಡಿ ಬರುವ ಗುಪ್ತಗೃಹಗಳು ತಲೆಯೆತ್ತಿದ ಮೇಲೆ, ಬಂದವರನ್ನು ಕುಣಿಸುವ ಸಂಗೀತ ಬೇಕಾಯಿತು. ಸಾರಾಯಿಯ ದೊರೆಗಳ ಕೈಯಲ್ಲಿ ಹಣವಿತ್ತು. ಹೀಗೆ ಕಲೆಗೂ ಪಾತಕಕ್ಕೂ ವಿಚಿತ್ರವಾದ ನಂಟು ಬೆಳೆಯಿತು. ಆ ಮೊದಲಿನ ಜಾಝಿನ ಸೊಗಸನ್ನು ಕಿವಿಯಿಂದಲೇ ಅರಿಯಬೇಕು: ಕಾರ್ನೆಟ್ ರಾಗದ ಮುಖ್ಯರೇಖೆಯನ್ನು ಎಳೆಯುತ್ತಿರುವಾಗಲೇ ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಹಬ್ಬುತ್ತದೆ, ಟ್ರಾಂಬೋನ್ ಕೆಳಗಿನಿಂದ ಜಾರುಸ್ವರಗಳಿಂದ ಆಸರೆ ಕೊಡುತ್ತದೆ, ಬ್ಯಾಂಜೋವೂ ಡ್ರಮ್ಮೂ ಲಯವನ್ನು ಕಾಯುತ್ತವೆ, ಇವೆಲ್ಲವೂ ಏಕಕಾಲದಲ್ಲಿ ಆಶುವಾಗಿ ನಡೆಯುತ್ತವೆ. ನಮ್ಮ ವಿದ್ವಾಂಸರು ಮನೋಧರ್ಮವೆನ್ನುವುದನ್ನು ಅಲ್ಲಿ ನಾಲ್ಕೈದು ಮಂದಿ ಒಟ್ಟಿಗೇ, ಒಬ್ಬರ ಮಾತನ್ನು ಒಬ್ಬರು ಕೇಳುತ್ತಲೇ, ಸಾಧಿಸುತ್ತಾರೆ.

ಆದುದರಿಂದಲೇ ಈ ಸಂಗ್ರಹಾಲಯದವರು ನೆಲಮಾಳಿಗೆಯಲ್ಲಿ ಜಾಝ್ ನುಡಿಸುವ ಏರ್ಪಾಡು ಮಾಡಿದುದು ನನಗೆ ಯುಕ್ತವಾಗಿ ತೋರುತ್ತದೆ. ಪಿಸ್ತೂಲನ್ನೂ ಲೆಕ್ಕದ ಪುಸ್ತಕವನ್ನೂ ಗಾಜಿನ ಪೆಟ್ಟಿಗೆಯಲ್ಲಿಡಬಹುದು. ವಾದಕರು ಎದುರಿಗೆ ಕುಳಿತು ನುಡಿಸದ ಹೊರತು ಆಶುಸಂಗೀತವನ್ನು ಪ್ರದರ್ಶನಕ್ಕಿಡುವ ಉಪಾಯವಿಲ್ಲ. ಧ್ವನಿಮುದ್ರಿಕೆ ಉಂಟಲ್ಲ ಎಂದು ಕೇಳಬಹುದು. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ರಾತ್ರಿಯೆಲ್ಲ ನುಡಿಸುತ್ತಿದ್ದವರ ಕಲೆಯನ್ನು ಅಷ್ಟರಿಂದ ಅಳೆಯಲಾದೀತೆ?

ಆದರೂ ಮಂದ ದೀಪದ ಕೆಳಗೆ ಎಲ್ಲವೂ ಸುಂದರವಾಗಿಯೇ ಕಾಣುತ್ತದೆಂಬ ಅಪಾಯವನ್ನು ಮರೆಯಲಾಗದು. ಕೈಗಾರಿಕೆಗೆಂದು ತಯಾರಾದ ಮದ್ಯಸಾರವನ್ನು ಜನ ಕುಡಿಯದಿರಲೆಂದು ಸರ್ಕಾರವೇ ಅದಕ್ಕೆ ವಿಷ ಬೆರೆಸಲು ವಿಧಿಸಿತ್ತು. ಅದನ್ನು ಕುಡಿದು ಅನೇಕರು ಸತ್ತರು, ಕೆಲವರು ಕುರುಡರಾದರು. ೧೯೨೭ರ ಡಿಸೆಂಬರಿನಿಂದ ಡ್ಯೂಕ್ ಎಲಿಂಗ್ಟನ್ ತನ್ನ ಮೇಳದೊಡನೆ ಕೀರ್ತಿಗೇರಿದ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ‘ಕಾಟನ್ ಕ್ಲಬ್’, ಓನಿ ಮ್ಯಾಡನ್ ಎಂಬ ಕಳ್ಳಸಾರಾಯಿಯ ವ್ಯಾಪಾರಿಯದು. ಅಲ್ಲಿ ನುಡಿಸುವವರು, ಕುಣಿಯುವವರು ಕರಿಯರು, ಕುಳಿತು ನೋಡುವ ಹಕ್ಕು ಮಾತ್ರ ಬಿಳಿಯರದು. ಲಾಸ್ ವೇಗಸ್ಸಿಗೂ ಇದು ದೂರದ ಕಥೆಯಲ್ಲ. ೧೯೫೦ರ ದಶಕದಲ್ಲಿಯೂ ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದ ಕರಿಯ ಕಲಾವಿದರು ಅದೇ ಹೋಟೆಲಿನಲ್ಲಿ ತಂಗುವಂತಿರಲಿಲ್ಲ. ರೈಲುಹಳಿಯ ಆಚೆಯ ವೆಸ್ಟ್‌ಸೈಡ್ ಬಡಾವಣೆಗೆ ಮಲಗಲು ಹೋಗಬೇಕಾಗಿತ್ತು. ಎರಡೂ ವರ್ಣದವರನ್ನು ಸಮನಾಗಿ ಬರಮಾಡಿಕೊಂಡ ‘ಮೂಲಾ ರೂಜ್’ ಎಂಬ ಹೋಟೆಲು ೧೯೫೫ರ ಮೇ ತಿಂಗಳಲ್ಲಿ ತೆರೆದು ಅದೇ ವರ್ಷ ಮುಚ್ಚಿತು. ನಗರದ ಹೋಟೆಲುಗಳು ಈ ಭೇದವನ್ನು ಕೈಬಿಡಲೊಪ್ಪಿದುದು ೧೯೬೦ರಲ್ಲಿ.

ಮಂದ ದೀಪದ ಈ ಮೋಹಕ್ಕೆ ಪ್ರತ್ಯೌಷಧವೂ ಸಂಗ್ರಹಾಲಯದ ಅದೇ ಕಟ್ಟಡದಲ್ಲಿದೆ. ೧೯೨೯ರ ಫೆಬ್ರವರಿ ೧೪ರಂದು ಶಿಕಾಗೋದ ಮೋಟಾರು ಕೊಟ್ಟಿಗೆಯೊಂದರಲ್ಲಿ ಏಳು ಮಂದಿಯನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಆ ಗೋಡೆಯ ಇಟ್ಟಿಗೆಗಳನ್ನು ಮೇಲಿನ ಅಂತಸ್ತಿನಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ೧೯೬೭ರಲ್ಲಿ ಆ ಕೊಟ್ಟಿಗೆಯನ್ನು ಕೆಡವಿದಾಗ ಅವನ್ನು ಕೊಂಡೊಯ್ದ ಕೆನಡಾದ ವ್ಯಾಪಾರಿಯೊಬ್ಬನು ಕೆಲಕಾಲ ತನ್ನ ಕ್ಲಬ್ಬಿನ ಗಂಡಸರ ಶೌಚಾಲಯದಲ್ಲಿ ಕಟ್ಟಿಸಿದ್ದನೆಂದರೆ, ಪಾತಕವು ವಿನೋದವಾಗಿ ಮಾರಾಟವಾಗುವ ಬಗೆಯನ್ನು ಊಹಿಸಬಹುದು. ಆ ಕಡೆಗೆ ಪ್ರಯಾಣ ಮಾಡುವ ಕನ್ನಡಿಗರು ಸಂಕೇತಪದವನ್ನು ನುಡಿದು ನೇರವಾಗಿ ನೆಲಮಾಳಿಗೆಗೆ ಇಳಿಯುವ ಉತ್ಸಾಹವನ್ನು ತುಸು ತಡೆದುಕೊಂಡು, ಹಗಲಿರುವಾಗಲೇ ಟಿಕೆಟ್ ಕೊಂಡು ಮೊದಲು ನ್ಯಾಯಾಲಯದ ಕೊಠಡಿಯನ್ನೂ ಈ ಗೋಡೆಯನ್ನೂ ನೋಡಿ, ಆಮೇಲೆ ಸಂಗೀತಕ್ಕೆ ಇಳಿಯಲಿ.