ಮಗುವಿಗೆ ಮನೆಮಾತು ಬಿಡಿಸಬೇಡಿ



ಇದು ನಮ್ಮ ಮನೆಯ ವಿಷಯ. ಮಗ, ಸೊಸೆಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಮೊಮ್ಮಗನಿಗೆ ಮೂರು ವರ್ಷವಾದರೂ ಮಾತು ಬರಲಿಲ್ಲ. ಪರೀಕ್ಷೆಯಲ್ಲಿ ಆಟಿಸಂ ಎಂದು ತಿಳಿಯಿತು. "ಮನೆಯಲ್ಲಿ ಕನ್ನಡ, ಹೊರಗೆ ಮಲಯಾಳಂ ಆದರೆ ಮಗುವಿಗೆ ಗೊಂದಲ. ಕನ್ನಡ ನಿಲ್ಲಿಸಿ" ಎಂದು ಒಬ್ಬರು ಸಲಹೆ ಕೊಟ್ಟರು. ನನ್ನ ಹೆಂಡತಿಗೆ ಪೇಟೆ ವ್ಯವಹಾರಕ್ಕೆ ಬೇಕಾದಷ್ಟೇ ಮಲಯಾಳಂ ಬರುವುದು. ಅವಳು ಮೊಮ್ಮಗನೊಡನೆ ಮಾತಾಡುವುದನ್ನೇ ಬಿಟ್ಟಳು. ಎರಡು ತಿಂಗಳು ಸುಮ್ಮನೆ ಅನ್ನ ಕಲಸಿ ತಿನ್ನಿಸಿದಳು. ಆಮೇಲೆ ಮೈಸೂರಿನಲ್ಲಿ ಭೇಟಿಯಾದ ವಾಕ್ ಚಿಕಿತ್ಸಕಿ ಇದನ್ನು ಕೇಳಿ, "ಅಜ್ಜಿ ಮೊದಲಿನ ಹಾಗೆಯೇ ಮಾತಾಡಲಿ" ಎಂದರು.

ಗಡಿನಾಡಿನ ಹಲವು ಮನೆಗಳಲ್ಲಿ ಇದೇ ಕಥೆ. ಕೆಲವು ಕಡೆ ಮಲಯಾಳಂ ಬದಲು ಮರಾಠಿ, ತಮಿಳು ಅಥವಾ ತೆಲುಗು, ಅಷ್ಟೇ. ಆದ್ದರಿಂದ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಈ ಮಕ್ಕಳ ಮಾತು ಅದರಿಂದ ಇನ್ನಷ್ಟು ತಡವಾಗುತ್ತದೆ ಎಂಬುದೂ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮನೆಯವರಿಗೆ ಸಲೀಸಾದ ಭಾಷೆಯಲ್ಲೇ ಮಗುವಿಗೆ ಹೆಚ್ಚು ಮಾತು, ಹೆಚ್ಚು ಅಕ್ಕರೆ ಸಿಗುತ್ತದೆ.

ಪರೀಕ್ಷೆಗೆ ಹೋದಾಗ ಮನೆಮಾತು ಯಾವುದೆಂದು ಮೊದಲೇ ಹೇಳಿ. ಶಾಲೆಯ ಭಾಷೆಯಲ್ಲಿ ಮಾತ್ರ ತೊಡಕಿದ್ದರೆ ಅದು ಅಭ್ಯಾಸದ ಕೊರತೆ ಇರಬಹುದು. ಮನೆಮಾತಿನಲ್ಲೂ ತೊಡಕಿದ್ದರೆ ತಡಮಾಡದೆ ತೋರಿಸಬೇಕು.

ಇನ್ನು ಮನೆಯೊಳಗಿನ ಮಾತು. "ತಾಯಿ ಸರಿಯಾಗಿ ಬೆಳೆಸಲಿಲ್ಲ", "ಯಾರ ದೃಷ್ಟಿ ತಾಗಿತೋ" ಎನ್ನುವವರು ಇದ್ದಾರೆ. ಆಟಿಸಂ ಎಂದರೆ ಮಿದುಳು ಬೆಳೆಯುವ ರೀತಿಯಲ್ಲಿನ ವ್ಯತ್ಯಾಸ. ತಾಯಿಯ ತಪ್ಪಲ್ಲ. ಹರಕೆ ಹೊರುವವರು ಹೊರಲಿ, ಅದು ಮನಸ್ಸಿನ ಸಮಾಧಾನ. ಆದರೆ ಹರಕೆ ತೀರಲಿ ಎಂದು ತರಬೇತಿಯನ್ನು ಮುಂದೂಡಬಾರದು.

ಎಲ್ಲಿಗೆ ಹೋಗಬೇಕು? ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರ ಇದೆಯೇ ವಿಚಾರಿಸಿ. ಕನ್ನಡದಲ್ಲೇ ಪರೀಕ್ಷೆ ಬೇಕಿದ್ದರೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ತಂದೆ ತಾಯಿಗೇ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್, 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆ ಎರಡೂ ಸೇರಿವೆ. ಯುಡಿಐಡಿ ಕಾರ್ಡ್ ದೇಶದೆಲ್ಲೆಡೆ ಊರ್ಜಿತ, ಗಡಿ ದಾಟಿದರೂ ಸಲ್ಲುತ್ತದೆ. ಆಟಿಸಂ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯೂ ಇದೆ. ಪ್ರತಿಯೊಂದು ವರದಿಯ ಎರಡು ನಕಲು ಮಾಡಿಸಿ ಒಂದೇ ಫೈಲಿನಲ್ಲಿಡಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ.

ಅರ್ಜಿ ತುಂಬುವುದು ಕಷ್ಟವಾದರೆ ಸಂಘದ ಕಚೇರಿಗೆ ಬನ್ನಿ. ಗುಮಾಸ್ತನಾಗಿ ಆಯುಷ್ಯವೆಲ್ಲ ಅದೇ ಕೆಲಸ ಮಾಡಿದವನು ನಾನು, ಕೂತು ತುಂಬೋಣ. ನಿಮ್ಮ ಮನೆಯ ವಿಷಯ ಕಚೇರಿಯ ಬಾಗಿಲು ದಾಟುವುದಿಲ್ಲ.

ಮೊಮ್ಮಗನಿಗೆ ಎಲ್ಲವೂ ಸರಿಯಾಯಿತು ಎನ್ನಲಾರೆ. ಆದರೆ ಬಾಯಾರಿದಾಗ ಅಜ್ಜಿಯ ಸೆರಗು ಎಳೆದು "ನೀರು" ಎನ್ನುತ್ತಾನೆ. ಅವಳು ಈಗ ದಿನವಿಡೀ ಅವನೊಡನೆ ಮಾತಾಡುತ್ತಾಳೆ.

— ಕಾರ್ಯದರ್ಶಿ