ನೇರ್ಸ್ ಜಲಸಂಧಿ: ಅದರ ನೆಲೆ ಮತ್ತು ಹೆಸರುಗಳು

ಗ್ರೀನ್‌ಲೆಂಡಿನ ವಾಯವ್ಯ ತೀರಕ್ಕೂ ಕೆನಡಾ ದೇಶದ ಎಲ್ಸ್‌ಮಿಯರ್ ದ್ವೀಪಕ್ಕೂ ನಡುವೆ, ಬ್ಯಾಫಿನ್ ಕೊಲ್ಲಿಯಿಂದ ಉತ್ತರದ ಲಿಂಕನ್ ಸಮುದ್ರದವರೆಗೆ, ಸುಮಾರು 300 ಮೈಲಿ ಉದ್ದದ ಕಡಲ ಹಾದಿಯೊಂದುಂಟು. ನೀರು ಒಂದೇ, ಹೆಸರುಗಳು ಹಲವು. ದಕ್ಷಿಣದಿಂದ ಎಣಿಸಿದರೆ ಸ್ಮಿತ್ ಸೌಂಡ್, ಕೇನ್ ಬೇಸಿನ್, ಕೆನೆಡಿ ಚಾನೆಲ್, ಹಾಲ್ ಬೇಸಿನ್, ರೋಬ್‌ಸನ್ ಚಾನೆಲ್. ಅಗಲವಾದ ಮಡುವೂ ಇಕ್ಕಟ್ಟಾದ ಕಾಲುವೆಯೂ ಸರದಿಯಾಗಿ ಬರುವುದರಿಂದ ಈ ವಿಭಾಗಕ್ಕೆ ನೆಲೆಯ ಆಧಾರವಿಲ್ಲದಿಲ್ಲ. ಆದರೆ ಹೆಸರುಗಳು ಬಂದುದು ನಾವಿಕರು ಮುಂದೆ ಸಾಗಿದಷ್ಟಷ್ಟೇ, ತುಂಡುತುಂಡಾಗಿ.

ಮೊದಲನೆಯದು 1616ರದು. ಬೈಲಟ್ ಮತ್ತು ಬ್ಯಾಫಿನ್ ಎಂಬ ಆಂಗ್ಲ ನಾವಿಕರು ದಕ್ಷಿಣದ ಬಾಯಿಯನ್ನು ಕಂಡು, ತಮ್ಮ ಯಾನದ ಪೋಷಕರಲ್ಲೊಬ್ಬನಾದ ಸರ್ ಥಾಮಸ್ ಸ್ಮಿತ್ತನ ಹೆಸರನ್ನಿಟ್ಟರು. ಈತನೇ ಈಸ್ಟ್ ಇಂಡಿಯಾ ಕಂಪೆನಿಯ ಮೊದಲನೆಯ ಗವರ್ನರು. ಬ್ಯಾಫಿನ್ನನೂ ಆಮೇಲೆ ಅದೇ ಕಂಪೆನಿಯ ಸೇವೆಗೆ ಸೇರಿ, 1622ರಲ್ಲಿ ಪಾರಸೀಕ ಕೊಲ್ಲಿಯ ಕಾಳಗದಲ್ಲಿ ಮಡಿದನು. ಅವನು ಕಂಡುದನ್ನು ಮುಂದಿನವರು ನಂಬದೆ ಹೋದರು. 1818ರಲ್ಲಿ ಜಾನ್ ರಾಸ್ ಮತ್ತೆ ಅಲ್ಲಿಗೆ ಹೋದಮೇಲೆಯೇ ಬ್ಯಾಫಿನ್ನನ ಮಾತು ನಿಜವೆಂದಾಯಿತು.

ಅಮೆರಿಕೆಯ ಕೇನನ ಯಾನ (1853–55) ಇನ್ನೊಂದು ಭ್ರಾಂತಿಗೆ ಎಡೆಗೊಟ್ಟಿತು. 1854ರಲ್ಲಿ ಅವನ ಸಂಗಡಿಗ ಮಾರ್ಟನ್ನನೂ ಗ್ರೀನ್‌ಲೆಂಡಿನ ಬೇಟೆಗಾರ ಹಾನ್ಸ್ ಹೆಂಡ್ರಿಕನೂ ಕೆನೆಡಿ ಚಾನೆಲಿನಲ್ಲಿ ಗಡ್ಡೆಯಿಲ್ಲದ ನೀರನ್ನು ಕಂಡರು. ಧ್ರುವದ ಸುತ್ತ ಹೆಪ್ಪುಗಟ್ಟದ ಸಮುದ್ರವಿದೆಯೆಂಬ ಹಳೆಯ ಊಹೆಗೆ ಇದೇ ಸಾಕ್ಷಿಯೆಂದು ಕೇನನು ಬಗೆದನು. ವಾಸ್ತವವಾಗಿ ಅದು ಪ್ರವಾಹದ ಕೆಲಸ. ಲಿಂಕನ್ ಸಮುದ್ರದಿಂದ ನೀರು ದಕ್ಷಿಣಕ್ಕೆ ರಭಸದಿಂದ ಹರಿಯುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಗಳು ಒಂದನ್ನೊಂದು ಒತ್ತಿ ದಡದಿಂದ ದಡಕ್ಕೆ ಕಮಾನಿನಂತೆ ಬಿಗಿದು, ಮೇಲಿನ ಗಡ್ಡೆಗಳನ್ನು ತಡೆಹಿಡಿಯುತ್ತವೆ. ಕಮಾನಿನ ಕೆಳಗೆ ಹುಟ್ಟುವ ಹೊಸ ಗಡ್ಡೆಯನ್ನು ಗಾಳಿಯೂ ಪ್ರವಾಹವೂ ತಳ್ಳಿಕೊಂಡುಹೋಗುವುದರಿಂದ ನೀರು ತೆರೆದೇ ಉಳಿಯುತ್ತದೆ. ಸ್ಮಿತ್ ಸೌಂಡಿನ ತೆಂಕಣ ತೆರೆನೀರಿಗೆ ಗ್ರೀನ್‌ಲೆಂಡಿನವರು ‘ಪಿಕಿಯಲಸೊರ್ಸುಅಕ್’ ಎನ್ನುವರು. ನೀರಿನ ಮಹಾ ಉಕ್ಕು ಎಂದು ಅದರ ಅರ್ಥ. ಆ ಜನರ ಹೆಸರು ನೀರಿನ ನಡತೆಯನ್ನು ಹೇಳುತ್ತದೆ. ಪರದೇಶದವರ ಹೆಸರುಗಳು ಹಣವನ್ನೂ ಅಧಿಕಾರವನ್ನೂ ನೆನೆಯುತ್ತವೆ.

ರೋಬ್‌ಸನ್ ಎಂಬುದು ಅಮೆರಿಕೆಯ ನೌಕಾಸಚಿವನ ಹೆಸರು. 1871ರಲ್ಲಿ ಅಲ್ಲಿಗೆ ಹೋದ ಹಾಲ್ ಅದೇ ವರ್ಷ ತೀರಿಕೊಂಡನು. ಕೆನೆಡಿ ಎಂಬುದೂ ಅಂತಹುದೇ ಇನ್ನೊಬ್ಬ ಸಚಿವನದೆಂಬುದು ಊಹೆ. ಕೇನನು ಕಾರಣವನ್ನು ಬರೆದಿಡಲಿಲ್ಲ. 1875–76ರಲ್ಲಿ ಜಾರ್ಜ್ ನೇರ್ಸನ ನೌಕೆಯು ಹಾದಿಯ ಉತ್ತರದ ಬಾಯನ್ನು ದಾಟಿ, ಆಚೆ ಇರುವುದು ತೆರೆದ ಕಡಲಲ್ಲ, ದಪ್ಪನಾದ ಹಳೆಯ ಮಂಜುಗಡ್ಡೆಯೆಂದು ತೋರಿಸಿತು. ಇಡೀ ಹಾದಿಗೆ ಅವನ ಹೆಸರನ್ನು ಡೆನ್ಮಾರ್ಕ್ ಮತ್ತು ಕೆನಡಾ ಸರಕಾರಗಳು ಒಪ್ಪಿದುದು 1964ರಲ್ಲಿ ಮಾತ್ರ.

ಹಾನ್ಸ್ ಹೆಂಡ್ರಿಕನು ಕೇನ್, ಹೇಯ್ಸ್, ಹಾಲ್, ನೇರ್ಸ್ ಈ ನಾಲ್ವರ ಯಾನಗಳಲ್ಲಿಯೂ ದುಡಿದವನು. ಅವನು ತನ್ನ ಭಾಷೆಯಲ್ಲಿ ಬರೆದ ಆತ್ಮಕಥೆಯು 1878ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ನಕ್ಷೆಯಲ್ಲಿ ಅವನ ಪಾಲಿಗೆ ಬಂದುದು ಕೆನೆಡಿ ಚಾನೆಲಿನ ನಡುವಣ ಸುಮಾರು ಅರ್ಧ ಚದರ ಮೈಲಿಯ ಬೋಳು ಬಂಡೆ, ಹಾನ್ಸ್ ದ್ವೀಪ. ಮೂತ್ರಪಿಂಡದ ಆಕಾರವಿರುವುದರಿಂದ ಇನುಯಿಟರು ಅದನ್ನು ಟಾರ್ಟುಪಲುಕ್ ಎಂದು ಕರೆಯುವರು. 1973ರಲ್ಲಿ ಕಡಲಗಡಿಯನ್ನು ಎಳೆದಾಗ ಗೆರೆಯು ಈ ದ್ವೀಪದ ಒಂದು ದಡದಲ್ಲಿ ನಿಂತು ಇನ್ನೊಂದರಿಂದ ಮುಂದುವರಿಯಿತು. ನಡುವಣ ನೆಲವನ್ನು ಎರಡು ದೇಶಗಳೂ ಹಂಚಿಕೊಳ್ಳಲು ಒಪ್ಪಿದುದು 2022ರ ಜೂನ್ ತಿಂಗಳಿನಲ್ಲಿ.